ಕಾಡು, ಗೋಮಾಳ ಮತ್ತು ಊರಿನ ಒಡೆತನ: ಒಂದು ವಿಮರ್ಶೆ

ಬ್ರಿಟಿಷರ ಆಳಿಕೆಗೆ ಮುನ್ನ ಬೆಟ್ಟದ ಕಾಡೂ ಊರಿನ ಹುಲ್ಲುಗಾವಲೂ ಗ್ರಾಮಸಮುದಾಯದ ಸಾಮೂಹಿಕ ಒಡೆತನದಲ್ಲಿದ್ದುವು ಎಂಬ ಮಾತು ನಮ್ಮ ಪದವಿ ತರಗತಿಗಳ ಪಠ್ಯಗಳಲ್ಲಿಯೂ ಸಂಶೋಧನ ಪ್ರಬಂಧಗಳಲ್ಲಿಯೂ ಸಿದ್ಧವಾಕ್ಯದಂತೆ ಕಾಣಿಸಿಕೊಳ್ಳತೊಡಗಿದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅನುಭೋಗ, ಸೌಲಭ್ಯ, ಹಕ್ಕು, ಒಡೆತನ ಎಂಬ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಕೊನೆಯ ಒಂದೇ ಪದದಲ್ಲಿ ತುರುಕಿಬಿಟ್ಟರೆ, ಊರಿನ ನೆಲ ಊರಿನ ಕೈತಪ್ಪಿದ ಬಗೆ ಚರಿತ್ರೆಯ ವಿದ್ಯಾರ್ಥಿಗೆ ಎಂದಿಗೂ ಅರ್ಥವಾಗಲಾರದು. ಈ ಗೊಂದಲವನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ದಾವಣಗೆರೆಯ ದಕ್ಷಿಣಕ್ಕಿರುವ ಹದಡಿಯಂತಹ ಬಯಲುಸೀಮೆಯ ಊರಿನಲ್ಲಿ ಕುಳಿತು ಮಲೆನಾಡಿನ ಕಾಡಿನ ಒಡೆತನವನ್ನು ಚರ್ಚಿಸುವುದು ಕೆಲವರಿಗೆ ಅಸಂಗತವಾಗಿ ತೋರಬಹುದು. ಭದ್ರಾ ನಾಲೆಯ ನೀರಿನಿಂದ ಭತ್ತ ಬೆಳೆಯುವ ಈ ಸೀಮೆಯಲ್ಲಿ ಸೊರಬದ ಕಾನುಗಳಿಲ್ಲ, ಶಿರಸಿಯ ಸೊಪ್ಪಿನ ಬೆಟ್ಟಗಳಿಲ್ಲ. ಇರುವುದು ಗೋಮಾಳ, ಗುಂಡುತೋಪು, ಕೆರೆಯಂಗಳ. ಆದರೆ ಹರಿಹರ ಇಲ್ಲಿಂದ ದೂರವಿಲ್ಲ. ಹರಿಹರದ ಎದುರು ದಡದ ಕಾರ್ಖಾನೆಯೊಂದರ ಸೌದೆಗಾಗಿ 1984ರಲ್ಲಿ ಮಲೆನಾಡಿನ ಹಾಗೂ ಅರೆಮಲೆನಾಡಿನ ಊರುಗಳ ಸಾವಿರಾರು ಎಕರೆ ಕೈಬದಲಾಯಿಸಹೊರಟಾಗ, ಒಡೆತನದ ಪ್ರಶ್ನೆ ಪುಸ್ತಕದಿಂದ ಹೊರಬಂದು ಹೊಲದ ಬದುವಿನ ಮೇಲೆ ನಿಂತಿತು. ಆ ಸಂಗತಿಗೆ ಮುಂದೆ ಬರುತ್ತೇವೆ. ಅದಕ್ಕೆ ಮೊದಲು ವಿದ್ವಾಂಸರ ವಾದಗಳನ್ನು ನೋಡಬೇಕು.

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ ಸಾಮಾನ್ಯ ಭೂಮಿಯ ದುರಂತವನ್ನು ಕುರಿತು ಬರೆದ ಪ್ರಬಂಧ ಲೋಕಪ್ರಸಿದ್ಧವಾಗಿದೆ. ಎಲ್ಲರಿಗೂ ತೆರೆದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಎಂಬುದು ಅವನ ತರ್ಕ. ಈ ತರ್ಕದ ದೋಷ ನಮ್ಮ ಕಡೆಯ ಯಾವ ದನಗಾಹಿಗೂ ಗೊತ್ತಿರುವಂಥದು: ನೆರೆಯೂರಿನ ಮಂದೆ ತನ್ನೂರಿನ ಗೋಮಾಳಕ್ಕೆ ಬಂದರೆ ಅವನು ಸುಮ್ಮನಿರುವುದಿಲ್ಲ. ಊರಿನ ನೆಲವೆಂದರೆ ಯಾರಿಗೂ ಸೇರದ ನೆಲವಲ್ಲ. 1990ರಲ್ಲಿ ಎಲಿನಾರ್ ಆಸ್ಟ್ರಂ ಅವರು ತಮ್ಮ ಗ್ರಂಥದಲ್ಲಿ ಈ ಭೇದವನ್ನು ಅನೇಕ ದೇಶಗಳ ನಿದರ್ಶನಗಳಿಂದ ಸ್ಥಾಪಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವೂ ಬಂದಿತು. ಹಾರ್ಡಿನ್ನನನ್ನು ಇನ್ನೂ ಖಂಡಿಸುತ್ತ ಕೂರುವುದು ಈಗ ಅನಾವಶ್ಯಕ.

ಆಸ್ಟ್ರಂ ಅವರು ಆರಿಸಿಕೊಂಡ ನಿದರ್ಶನಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯದು ನಮ್ಮ ಉದ್ದೇಶಕ್ಕೆ ಬಹಳ ಪ್ರಯೋಜನಕಾರಿ. ಅಲ್ಲಿ ಹೊಲತೋಟಗಳು ಮನೆಮನೆಯ ಖಾಸಗಿ ಸ್ವತ್ತು. ಬೆಟ್ಟದ ಹುಲ್ಲುಗಾವಲು, ಕಾಡು, ಬೀಳುನೆಲ ಇವು ಊರಿನ ಒಟ್ಟು ಸ್ವತ್ತು. ಆ ಹಳ್ಳಿಯ ಲಿಖಿತ ದಾಖಲೆಗಳು 1224ರಿಂದ ದೊರೆಯುತ್ತವೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಹರಿಹರದಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದುದೂ ಅದೇ ಸುಮಾರಿನಲ್ಲಿ ಎಂಬುದನ್ನು ವಾಚಕರು ಗಮನಿಸಬಹುದು. ನಮ್ಮಲ್ಲಿ ಬರವಣಿಗೆ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಟೋರ್ಬೆಲ್ಲಿನವರು 1517ರಲ್ಲಿ ಒಂದು ಕಟ್ಟಳೆ ಮಾಡಿಕೊಂಡರು: ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳಿಗೆ ಮೇವು ಹಾಕಿ ಸಾಕಬಲ್ಲನೋ ಅಷ್ಟನ್ನು ಮಾತ್ರ ಒಬ್ಬನು ಬೇಸಗೆಯಲ್ಲಿ ಬೆಟ್ಟಕ್ಕೆ ಬಿಡಬಹುದು. ಈ ಕಟ್ಟಳೆಯನ್ನು ಮೆಚ್ಚುವವರು ಅದರ ಇನ್ನೊಂದು ಮುಖವನ್ನು ನೋಡುವುದು ಕಡಿಮೆ. ಹೆಚ್ಚು ಹುಲ್ಲುಹೊಲವುಳ್ಳವನಿಗೆ ಹೆಚ್ಚು ಹಸುಗಳು ಸಲ್ಲುತ್ತವೆ. ಹೊಲವಿಲ್ಲದವನಿಗೆ ಬೆಟ್ಟವೂ ಇಲ್ಲ. ಸಾಮೂಹಿಕ ಸ್ವತ್ತು ಖಾಸಗಿ ಸ್ವತ್ತಿನ ಹೆಗಲೇರಿ ನಿಂತಿದೆ.

ಇದೇ ಕಣ್ಣಿನಿಂದ ಉತ್ತರ ಕನ್ನಡದ ಸೊಪ್ಪಿನ ಬೆಟ್ಟವನ್ನು ನೋಡಬೇಕು. ಘಟ್ಟದ ಮೇಲಣ ಅಡಕೆ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬ್ರಿಟಿಷ್ ಸರಕಾರವು ಬಿಟ್ಟುಕೊಟ್ಟಿತು. ತೋಟಕ್ಕೆ ಸೊಪ್ಪು, ಗೊಬ್ಬರಕ್ಕೆ ದರಕು, ಒಲೆಗೆ ಕಟ್ಟಿಗೆ ಎಲ್ಲವೂ ಅಲ್ಲಿಂದಲೇ. ಇದನ್ನು ಗ್ರಾಮದ ಸಾಮೂಹಿಕ ಒಡೆತನದ ಉಳಿಕೆಯೆಂದು ವರ್ಣಿಸುವ ಲೇಖನಗಳನ್ನು ನಾವು ಓದಿದ್ದೇವೆ. ಲೆಕ್ಕದ ರೀತಿಯೇ ಆ ವರ್ಣನೆಯನ್ನು ಅಲ್ಲಗಳೆಯುತ್ತದೆ. ಬೆಟ್ಟ ಸಿಕ್ಕಿದ್ದು ತೋಟಕ್ಕೆ, ಆದಕಾರಣ ತೋಟಿಗನಿಗೆ. ಆ ತೋಟದಲ್ಲಿ ಕೊನೆ ಕೊಯ್ಯುವ ಕೂಲಿಯವನಿಗೆ ಬೆಟ್ಟದಲ್ಲಿ ಪಾಲು ಬರೆದಿರಲಿಲ್ಲ. ಅವನ ಹೊರೆ ಕಟ್ಟಿಗೆ ಬೇರೆಯವರ ದಾಕ್ಷಿಣ್ಯದ ಮಾತು. ಮಾರ್ಲೀನ್ ಬೂಶಿ ಅವರು 1996ರಲ್ಲಿ ಪ್ರಕಟಿಸಿದ ತೇಗ ಮತ್ತು ಅಡಕೆಯನ್ನು ಕುರಿತ ಗ್ರಂಥವನ್ನು ಓದಿದರೆ, ಸರಕಾರಕ್ಕೂ ತೋಟಿಗರಿಗೂ ನಡೆದ ಈ ಜಗ್ಗಾಟದ ವಿವರಗಳು ತಿಳಿಯುತ್ತವೆ. ಕೊಡಗಿನ ಜಮ್ಮಾ ಬಾಣೆಯ ವಿಷಯವೂ ಹೀಗೆಯೇ ಎಚ್ಚರಿಕೆಯಿಂದ ನೋಡಬೇಕಾದುದು. ಅಲ್ಲಿ ಸ್ವತ್ತನ್ನು ಒಟ್ಟಾಗಿ ಹಿಡಿದದ್ದು ಒಕ್ಕ ಎಂಬ ವಂಶಸಮೂಹ, ಊರಲ್ಲ.

ಈ ವಿಷಯದಲ್ಲಿ ನಮ್ಮ ಕಾಲೇಜುಗಳಲ್ಲಿ ಅತ್ಯಧಿಕವಾಗಿ ಉಪಯೋಗಿಸಲ್ಪಡುತ್ತಿರುವ ಗ್ರಂಥ ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಅವರು 1992ರಲ್ಲಿ ಪ್ರಕಟಿಸಿದ, ಭಾರತದ ಪರಿಸರ ಚರಿತ್ರೆಯನ್ನು ಕುರಿತದ್ದು. ಭಾರತದ ಚರಿತ್ರೆಯನ್ನು ಕಾಡು, ನೀರು, ಮೇವುಗಳ ಕಡೆಯಿಂದ ಒಟ್ಟಾಗಿ ಓದಬಹುದೆಂದು ಈ ಗ್ರಂಥ ತೋರಿಸಿಕೊಟ್ಟಿತು. ಅದರ ಉಪಕಾರ ದೊಡ್ಡದು. ಅರಣ್ಯ ಶಾಸನಗಳ ಹಿಂದಿನ ಚರ್ಚೆಯನ್ನು, ಅಂದರೆ ಸರಕಾರದ ಪೂರ್ಣಸ್ವಾಮ್ಯವನ್ನು ಸಾಧಿಸಿದ ಬೇಡನ್-ಪೊವೆಲ್ಲನ ವಾದವನ್ನೂ ಊರಿಗೂ ಕಾಡು ಇರಲೆಂಬ ಬ್ರಾಂಡಿಸ್‌ನ ವಾದವನ್ನೂ, ಎದುರುಬದುರು ನಿಲ್ಲಿಸಿರುವ ಭಾಗ ಅತ್ಯುತ್ತಮವಾಗಿದೆ. 1878ರ ಅರಣ್ಯ ಶಾಸನದಲ್ಲಿ ಗ್ರಾಮಾರಣ್ಯವೆಂಬ ವಿಧಿ ಸೇರಿತಾದರೂ ಅದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು.

ನಮ್ಮ ಆಕ್ಷೇಪವಿರುವುದು ಬ್ರಿಟಿಷ್‌ಪೂರ್ವ ಕಾಲದ ಅವರ ಚಿತ್ರದ ಬಗೆಗೆ. ಒಂದೊಂದು ಜಾತಿಯೂ ಒಂದೊಂದು ಸಂಪನ್ಮೂಲವನ್ನು ವಂಶಪಾರಂಪರ್ಯವಾಗಿ ಹಿಡಿದಿದ್ದುದರಿಂದ ಅದನ್ನು ಜೋಪಾನಮಾಡುವ ಆಸಕ್ತಿಯೂ ಅದಕ್ಕಿತ್ತು ಎಂದು ಅವರು ವಾದಿಸುತ್ತಾರೆ. ನಿದರ್ಶನಕ್ಕಾಗಿ ಅಘನಾಶಿನಿಯ ದಡದ ಮಾಸೂರು-ಲುಕ್ಕೇರಿಯನ್ನು ತೋರಿಸುತ್ತಾರೆ. ಜಾತಿಯ ಅಸಮಾನತೆಯನ್ನು ಅವರು ಮರೆತಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಕ್ಷೇತ್ರಕಾರ್ಯದಲ್ಲಿ ಕಂಡದ್ದನ್ನು ಹಿಂದಿನ ಶತಮಾನಗಳಿಗೆ ಎಳೆದು ಹೊದಿಸುವುದು ಚರಿತ್ರೆಯ ಕ್ರಮಕ್ಕೆ ಒಪ್ಪುವ ಮಾರ್ಗವಲ್ಲ. ಕರ್ನಾಟಕದಲ್ಲಿ ಹಿಂದಣ ಕಾಲದ ಸಾಕ್ಷ್ಯಕ್ಕೇನು ಬರವೆ? ಶಾಸನಗಳೇ ಇವೆ.

ವಿಜಯನಗರ ಕಾಲದ ದಾನಶಾಸನಗಳಲ್ಲಿ ಅಷ್ಟಭೋಗ ತೇಜಸ್ವಾಮ್ಯವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟನ್ನೂ ದಾನ ಪಡೆದವನಿಗೆ ಕೊಡಲಾಗುತ್ತದೆ. ಹೂತ ಹೊನ್ನಿನಿಂದ ಹಿಡಿದು ನೀರು, ಕಲ್ಲು, ಈಗಿನ ಉತ್ಪತ್ತಿ, ಮುಂದಿನ ಉತ್ಪತ್ತಿ ಎಲ್ಲವೂ ಅದರಲ್ಲಿ ಅಡಕವಾಗಿವೆ. ಊರಿನ ನೀರು ಮತ್ತು ಕಲ್ಲು ಊರಿನ ಒಡೆತನದಲ್ಲಿದ್ದಿದ್ದರೆ ಅರಸನು ಅವನ್ನು ಕೊಡುವುದೆಂತು? ಇದು ಬರಿಯ ಸೂತ್ರ, ನಡೆವಳಿ ಬೇರೆಯಿದ್ದೀತು ಎಂದು ಉತ್ತರ ಬರಬಹುದು. ಆ ಉತ್ತರದಲ್ಲಿ ಹುರುಳಿದೆ. ಆದರೆ ಆಗಲೂ ನಡೆವಳಿಗೆ ಸಾಕ್ಷ್ಯ ತರಬೇಕಾದವರು ಸಾಮೂಹಿಕ ಒಡೆತನದ ವಾದಿಗಳೇ. ಇನ್ನೊಂದು ಕಡೆ ತುರುಗೊಳ್ ಕಾಳಗದ ವೀರಗಲ್ಲುಗಳನ್ನು ನೋಡಿ. ಊರಿನ ದನಗಳನ್ನು ಬಿಡಿಸಲು ಹೋರಿ ಸತ್ತವನ ಹೆಸರು ಕಲ್ಲಿನ ಮೇಲಿದೆ. ದನಕ್ಕಾಗಿ ಊರು ಒಂದಾಗಿ ನಿಲ್ಲುತ್ತಿತ್ತೆಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಡ. ಆ ದನ ಮೇದ ನೆಲ ಯಾರದೆಂದು ಮಾತ್ರ ಕಲ್ಲು ಹೇಳುವುದಿಲ್ಲ. ದಾವಣಗೆರೆ ಹಾಗೂ ಹರಿಹರ ಸೀಮೆಯ ಶಾಸನಗಳು ರೈಸರ ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ ಶತಮಾನಕ್ಕೂ ಮೇಲ್ಪಟ್ಟು ಅಚ್ಚಾಗಿ ಬಿದ್ದಿವೆ. ಅವುಗಳಲ್ಲಿ ಬರುವ ಎಲ್ಲೆಕಟ್ಟುಗಳನ್ನು, ಕಲ್ಲು, ಹಳ್ಳ, ಮರಗಳ ಗುರುತುಗಳನ್ನು, ಈ ದೃಷ್ಟಿಯಿಂದ ಪರಿಶೀಲಿಸುವುದು ಸ್ಥಳೀಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ.

1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬಿಟ್ಟುಹೋದ ಒಂದು ಟಿಪ್ಪಣಿ ಈ ಚರ್ಚೆಯಲ್ಲಿ ಪದೇ ಪದೇ ಉದ್ಧೃತವಾಗುತ್ತದೆ. ಕಾಡು ಊರದೇವರ ಸ್ವತ್ತೆಂದೂ, ದೇವರ ಪೂಜಾರಿಯೂ ಆದ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಜನ ಅವನಿಗೆ ಹೇಳಿದರು. ಅಪ್ಪಣೆಗೆ ದೇವರಿಗೆ ಸಲ್ಲುವ ಕಾಣಿಕೆಯೇನೂ ಇಲ್ಲವೆಂಬುದನ್ನು ಕಂಡು, ಇದೆಲ್ಲ ಸರಕಾರದ ಹಕ್ಕನ್ನು ತಪ್ಪಿಸಲು ಹೂಡಿದ ಉಪಾಯವೆಂದು ಬುಕಾನನ್ ತೀರ್ಮಾನಿಸಿದ. ಪರಿಸರ ಚರಿತ್ರಕಾರರು ಅವನ ಸಂಶಯವನ್ನು ಕುಂಪಣಿಯವನ ಕುರುಡೆಂದು ತಳ್ಳಿಹಾಕುತ್ತಾರೆ. ನಮಗೆ ತೋರುವಂತೆ ಅವನು ಅರ್ಧ ಸರಿಯಾಗಿಯೇ ಕಂಡಿದ್ದ. ಅದು ಉಪಾಯವೇ ಹೌದು. ಆದರೆ ನ್ಯಾಯಶಾಸ್ತ್ರದ ಉಪಾಯ. ಅರಸನ ಎದುರಿನಲ್ಲಿ ಊರು ಒಡೆಯನಾಗಿ ನಿಲ್ಲಲಾರದು, ದೇವರು ನಿಲ್ಲಬಲ್ಲನು. ಭೂಮಿಯನ್ನು ಹಿಡಿಯಲು ದೇವರಿಗೆ ಅಧಿಕಾರವುಂಟೆಂದು ಎಲ್ಲ ಅರಸರೂ ಒಪ್ಪಿದ್ದರು. ತನಗೆ ಇಲ್ಲದ ಒಡೆತನವನ್ನು ಊರು ತನ್ನ ದೇವರ ಹೆಸರಿನಲ್ಲಿ ಇಟ್ಟುಕೊಂಡಿತು. ಕೊಡಗಿನ ದೇವರಕಾಡುಗಳ ಅರ್ಥವೂ ಬಹುಶಃ ಇದೇ.

ಈಗ ಬಯಲುಸೀಮೆಗೆ ಬರೋಣ. 1863ರಿಂದ ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿಯ ಮಾದರಿಯ ಕಂದಾಯ ಸರ್ವೆ ಆರಂಭವಾಯಿತು. ಪ್ರತಿ ತುಂಡು ನೆಲಕ್ಕೂ ನಂಬರು ಬಿತ್ತು, ಪ್ರತಿ ನಂಬರಿಗೂ ಕಂದಾಯ ಕಟ್ಟುವ ರೈತನ ಹೆಸರು ಬಿತ್ತು. ಕಂದಾಯ ಕಟ್ಟದ ನೆಲ ಖರಾಬಾಯಿತು. ದನ ಮೇಯುವ ಜಾಗ, ಹೆಣ ಸುಡುವ ಜಾಗ, ಕಣ, ತೋಪು, ಬಂಡಿದಾರಿ ಎಲ್ಲವೂ ಉಳುಮೆಯ ದೃಷ್ಟಿಯಿಂದ ಕೆಟ್ಟ ನೆಲ. ಆದ್ದರಿಂದ ಲೆಕ್ಕದ ಹೊರಗಿನ ನೆಲ. ಪದವೇ ತೀರ್ಪನ್ನು ಕೊಟ್ಟುಬಿಟ್ಟಿದೆ. ಕಂದಾಯದ ಕಾನೂನು ಬಲ್ಲದ್ದು ಇಬ್ಬರನ್ನೇ: ರೈತನನ್ನು ಮತ್ತು ಸರಕಾರವನ್ನು. ಮೂರನೆಯವನಾಗಿ ಊರು ಎಂಬ ಒಡೆಯನಿಗೆ ಅದರಲ್ಲಿ ಜಾಗವಿಲ್ಲ. ಟೋರ್ಬೆಲ್ಲಿಗೂ ನಮಗೂ ಇರುವ ಅಂತರ ಇಲ್ಲಿದೆ. ಅಲ್ಲಿ ಊರು ಕಾಗದದ ಮೇಲೆ ಸ್ವತ್ತುದಾರ. ಇಲ್ಲಿ ಊರು ರೂಢಿಯ ಮೇಲೆ ಅನುಭೋಗದಾರ.

ಸ್ವಾತಂತ್ರ್ಯಾನಂತರದ ಶಾಸನವೂ ಇದನ್ನು ಬದಲಿಸಲಿಲ್ಲ. 1964ರ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣದಂತೆ ಇತರರ ಸ್ವತ್ತಲ್ಲದ ನೆಲವೆಲ್ಲ ರಾಜ್ಯ ಸರಕಾರದ್ದು. 71ನೆಯ ಪ್ರಕರಣದಂತೆ ಅಧಿಕಾರಿ ಅದರಿಂದ ಗೋಮಾಳವನ್ನು ತೆಗೆದಿರಿಸಬಹುದು. 79ನೆಯದರಲ್ಲಿ ಕುಮ್ಕಿ, ಬಾಣೆ, ಕಾನೆ, ಬೆಟ್ಟ, ಹಾಡಿ, ಜಮ್ಮಾ ಎಂದು ನಾಡಿನ ನಾಲ್ಕೂ ಮೂಲೆಗಳ ರೂಢಿಗಳನ್ನು ಪಟ್ಟಿಮಾಡಿ, ಅವೆಲ್ಲ ಮುಂದುವರಿಯತಕ್ಕದ್ದೆಂದು ಹೇಳಿದೆ. ಓದಲು ಸೊಗಸಾದ ಪಟ್ಟಿ. ಆದರೆ ಅಲ್ಲಿ ಮುಂದುವರಿಯುವುದು ಹಕ್ಕಲ್ಲ, ಸೌಲಭ್ಯ. ಅದೂ ಸರಕಾರ ಕಾಲಕಾಲಕ್ಕೆ ಹೊರಡಿಸುವ ಆಜ್ಞೆಗಳಿಗೆ ಒಳಪಟ್ಟು. ಇಂದಿಗೂ ಪಹಣಿಯ ಒಂಬತ್ತನೆಯ ಅಂಕಣದಲ್ಲಿ, ಒಡೆಯನ ಹೆಸರಿರಬೇಕಾದಲ್ಲಿ, ‘ಸರಕಾರಿ ಗೋಮಾಳ’ ಎಂಬ ಎರಡು ಪದಗಳನ್ನು ಕಾಣುತ್ತೇವೆ. ಮೊದಲ ಪದ ಒಡೆಯನದು, ಎರಡನೆಯದು ಊರಿನ ನೆನಪು.

1984ರಲ್ಲಿ ಆದದ್ದು ಈ ಎರಡು ಪದಗಳ ನಡುವಣ ಬಿರುಕಿನಲ್ಲಿ. ಹರಿಹರದ ಎದುರಿಗೆ ತುಂಗಭದ್ರೆಯ ಆಚೆ ದಡದಲ್ಲಿ, ಹಿಂದೆ ಬೊಂಬಾಯಿ ಪ್ರಾಂತಕ್ಕೂ ಆಮೇಲೆ ಧಾರವಾಡ ಜಿಲ್ಲೆಗೂ ಸೇರಿ, 1997ರಿಂದ ಹಾವೇರಿ ಜಿಲ್ಲೆಯಲ್ಲಿರುವ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿದೆ. ಕೃತಕ ರೇಷ್ಮೆಯ ನಾರಿಗೆ ಬೇಕಾದ ತಿರುಳನ್ನು ಅಲ್ಲಿ ನೀಲಗಿರಿ ಮರದಿಂದ ತೆಗೆಯುತ್ತಾರೆ. ಈ ಕಾರ್ಖಾನೆಯೂ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮವೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಕಟ್ಟಿದುವು. ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ನೆಲದಲ್ಲಿ ನೀಲಗಿರಿ ಬೆಳೆಸುವುದು ಉದ್ದೇಶ. ಕೊಡಹೊರಟ ನೆಲ ‘ಸಿ’ ಮತ್ತು ‘ಡಿ’ ವರ್ಗದ್ದು, ಎಂದರೆ ಸರಕಾರದ ಕಡತದಲ್ಲಿ ಹಾಳುಬಿದ್ದ ನೆಲ. ಆ ಹಾಳುನೆಲದಲ್ಲಿಯೇ ಊರಿನ ದನಕುರಿ ಮೇಯುತ್ತಿದ್ದುವು, ಹೆಂಗಸರು ಪುಳ್ಳೆ ಆಯುತ್ತಿದ್ದರು, ಬಡವರು ಪೊರಕೆಹುಲ್ಲು ಕೊಯ್ಯುತ್ತಿದ್ದರು. ನೀಲಗಿರಿಯ ಎಲೆಯನ್ನು ದನ ಮೂಸುವುದೂ ಇಲ್ಲ.

ಪ್ರತಿಭಟನೆ ಎರಡು ಕಡೆಯಿಂದ ನಡೆಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಮೊದಲಾದವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1987ರಲ್ಲಿ ತಡೆಯಾಜ್ಞೆ ಬಂದಿತು. ಅದೇ ವರ್ಷ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ಸೇರಿ ಕಂಪನಿಯ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಇದಕ್ಕೆ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದು ಹೆಸರು. ಆ ಸೀಮೆಯ ಮಾತಿನಲ್ಲಿ ಹಚ್ಚುವುದೆಂದರೆ ನೆಡುವುದು. 1991ರಲ್ಲಿ ಕಂಪನಿ ಮುಚ್ಚಿತು.

ಈ ವಿಜಯವನ್ನು ಸಾಮೂಹಿಕ ಒಡೆತನದ ಮರುಸ್ಥಾಪನೆಯೆಂದು ವ್ಯಾಖ್ಯಾನಿಸುವವರೊಡನೆ ನಾವು ಸಹಮತರಾಗಲಾರೆವು. ಕಿತ್ತಿಕೋ ಎಂಬುದರಷ್ಟೇ ಮುಖ್ಯವಾದುದು ಹಚ್ಚಿಕೋ ಎಂಬುದು. ಬರಿದೆ ಕಿತ್ತಿದ್ದರೆ ಅದು ತಕರಾರು. ನೆಟ್ಟಾಗ ಅದು ಒಡೆಯನ ನಡತೆ. ದಾಖಲೆಯಲ್ಲಿ ಇಲ್ಲದ ಒಡೆತನವನ್ನು ಊರಿನವರು ಕ್ರಿಯೆಯಿಂದ ಸಾರಿದರು. ಆದರೆ ಕಂಪನಿ ತೊಲಗಿದ ಮೇಲೆಯೂ ಊರಿನ ಹೆಸರನ್ನು ಬರೆದುಕೊಳ್ಳುವ ಅಂಕಣವೊಂದು ಕಂದಾಯದ ಕಾನೂನಿನಲ್ಲಿ ಹುಟ್ಟಲಿಲ್ಲ. ಕಂಪನಿ ಹೋಯಿತು, 67ನೆಯ ಪ್ರಕರಣ ಉಳಿಯಿತು.

ಕಳೆದುಕೊಂಡದ್ದೆಲ್ಲ ಹೊರಗಿನವರಿಗೆ ಎಂದು ಭಾವಿಸುವುದೂ ತಪ್ಪು. ಎನ್. ಎಸ್. ಜೋಧಾ ಅವರು ಕರ್ನಾಟಕವೂ ಸೇರಿದ ಏಳು ರಾಜ್ಯಗಳ ಒಣಸೀಮೆಯ 82 ಹಳ್ಳಿಗಳಲ್ಲಿ ನಡೆಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1950ರ ದಶಕದ ಆರಂಭದಿಂದ ಊರಿನ ಸಾಮಾನ್ಯ ಭೂಮಿ ಶೇಕಡಾ 31ರಿಂದ 55ರವರೆಗೆ ಕುಗ್ಗಿತ್ತು. ಬಡವರಿಗೆ ಹಂಚುವ ಹೆಸರಿನಲ್ಲಿ ಹೋದ ನೆಲದ ಹೆಚ್ಚಿನ ಪಾಲು ಬಡವರಲ್ಲದವರ ಕೈಸೇರಿತ್ತು. ಬಗರ್ ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸುವ ನಮ್ಮ ಶಾಸನಗಳ ಚರಿತ್ರೆಯನ್ನು ಬರೆಯುವವರು ಇದನ್ನು ನೆನಪಿನಲ್ಲಿಡಬೇಕು. ಹಾಗೆಂದು ಗೋಮಾಳದಲ್ಲಿ ಎರಡು ಎಕರೆ ಉಳುವ ದಲಿತ ಕೂಲಿಯನ್ನೂ, ತನ್ನ ಹೊಲದ ಬದುವನ್ನು ವರ್ಷವರ್ಷಕ್ಕೂ ಗೋಮಾಳದೊಳಕ್ಕೆ ಸರಿಸುವ ಜಮೀನುದಾರನನ್ನೂ ಒತ್ತುವರಿದಾರರೆಂಬ ಒಂದೇ ಹೆಸರಿನಿಂದ ಕರೆಯುವುದು ಅನ್ಯಾಯ. ಮೊದಲನೆಯವನಿಗೆ ಊರಿನ ಸಾಮೂಹಿಕ ನೆಲ ಎಂದೂ ಸಮಪಾಲನ್ನು ಕೊಟ್ಟಿರಲಿಲ್ಲ. ಕೆರೆಯ ನೀರನ್ನೇ ಮುಟ್ಟಗೊಡದಿದ್ದ ಊರು ಅದು.

ಹದಡಿಯಂತಹ ನೀರಾವರಿ ಊರುಗಳಿಗೆ ಇನ್ನೊಂದು ನಿಯಮ ವಿಶೇಷವಾಗಿ ಸಂಬಂಧಿಸುತ್ತದೆ. 1966ರ ಭೂಕಂದಾಯ ನಿಯಮಗಳ 97ನೆಯದರಂತೆ ನೂರು ದನಗಳಿಗೆ 12 ಹೆಕ್ಟೇರ್ ಲೆಕ್ಕದಲ್ಲಿ ಗೋಮಾಳವಿರಬೇಕು. ಮೇಲ್ನೋಟಕ್ಕೆ ಇದು ದನಗಳ ರಕ್ಷಣೆಗಾಗಿ ಮಾಡಿದ ನಿಯಮ. ಆದರೆ ನಾಲೆಯ ನೀರು ಬಂದು, ಎತ್ತಿನ ಬದಲು ಟ್ರ್ಯಾಕ್ಟರು ಬಂದು, ಮಂದೆ ಕರಗಿದಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ: ದನ ಕಡಿಮೆಯಾದಷ್ಟೂ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ, ಹೆಚ್ಚುವರಿ ಆದದ್ದನ್ನು ಬೇರೆ ಕೆಲಸಕ್ಕೆ ಕೊಡಬಹುದಾಗುತ್ತದೆ. ನೆಲ ದನದ್ದಾಗಿತ್ತೇ ಹೊರತು ಊರಿನದಾಗಿರಲಿಲ್ಲವೆಂಬ ಭಾವನೆ ಈ ನಿಯಮದ ಬುಡದಲ್ಲಿದೆ. 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರಿನ ಸಾಮಾನ್ಯ ಭೂಮಿಯ ಒತ್ತುವರಿಯನ್ನು ತೆರವುಮಾಡಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಒತ್ತುವರಿ ತೆಗೆಯುವವರು ಮಾತ್ರ ಅದೇ ಕಂದಾಯ ಅಧಿಕಾರಿಗಳು.

ಊರಿಗೆ ಒಡೆತನದ ಸಮೀಪಕ್ಕೆ ಬರುವ ಸ್ಥಾನ ದೊರೆತಿರುವುದು 2006ರ ಅರಣ್ಯಹಕ್ಕು ಶಾಸನದಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯದ ಹಕ್ಕುಪತ್ರಗಳು ಬಂದುವು. ಅದಕ್ಕೂ ಬಹಳ ಮುಂಚೆ, 1920ರ ದಶಕದ ಕಾಲಿನ್ಸ್ ವರದಿಯ ಅನಂತರ ಕುಮಟಾ ತಾಲ್ಲೂಕಿನ ಹಳಕಾರಿನಲ್ಲಿ ಗ್ರಾಮಾರಣ್ಯ ಪಂಚಾಯತಿಯೇ ಸ್ಥಾಪಿತವಾಗಿ ಕಾಡನ್ನು ಕಾಯ್ದುಕೊಂಡು ಬಂದಿತು. ಸರಕಾರ ಅದನ್ನು ರದ್ದುಮಾಡಹೊರಟಾಗ ಊರಿನವರು ನ್ಯಾಯಾಲಯದ ಮೆಟ್ಟಿಲೇರಿದರು. ಇವೆರಡೂ ಕಾಡಿನ ಮಾತು. ಗೋಮಾಳಕ್ಕೆ ಅರಣ್ಯವೆಂಬ ಹೆಸರಿಲ್ಲದ ಕಾರಣ ಬಯಲುಸೀಮೆಯ ಊರು ಈ ಶಾಸನದ ಆಶ್ರಯವನ್ನು ಪಡೆಯಲಾರದು. ನಮ್ಮ ವಿದ್ವಾಂಸರೂ ಹೆಚ್ಚಾಗಿ ಮರ ದಟ್ಟವಾಗಿರುವ ಕಡೆಗೇ ನಡೆದಿದ್ದಾರೆ. ಹತ್ತು ಲೇಖನ ಕಾನಿನ ಮೇಲೆ ಬಂದರೆ ಗೋಮಾಳದ ಮೇಲೆ ಒಂದು ಬರುವುದು ಅಪರೂಪ.

ಆದುದರಿಂದ ಈ ಸೀಮೆಯ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟೇ. ಒಂದು ಊರನ್ನು ಆರಿಸಿಕೊಂಡು, ಅದರ ಮೂಲ ಸರ್ವೆಯ ಟಿಪ್ಪಣಿ, ಆಕಾರಬಂದು, ಹಳೆಯ ಕೈಬರಹದ ಪಹಣಿ, ಈಗಿನ ಗಣಕಯಂತ್ರದ ಪಹಣಿ, ಈ ನಾಲ್ಕನ್ನೂ ಗೋಮಾಳದ ಒಂದೊಂದು ನಂಬರಿಗೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಆಮೇಲೆ ಹೊಲಗೇರಿಗೂ ಗೌಡರ ಓಣಿಗೂ ಹೋಗಿ, ಆ ನಂಬರಿನಲ್ಲಿ ಯಾರ ದನ ಮೇಯುತ್ತಿತ್ತು, ಯಾರದನ್ನು ಹೊಡೆದಟ್ಟುತ್ತಿದ್ದರು, ಅಟ್ಟಿದವರು ಯಾರೆಂದು ಎರಡು ಕಡೆಯೂ ಕೇಳಬೇಕು. ಎರಡು ಕೇರಿಗಳ ಉತ್ತರಗಳು ಒಂದೇ ಆಗಿರುವುದಿಲ್ಲ; ಪ್ರಬಂಧದಲ್ಲಿ ಅವೆರಡನ್ನೂ ಬರೆಯಬೇಕು.